ಗೃಹಾರೋಗ್ಯ: ರಕ್ತದ ಕುರುಹುಗಳು ನುಡಿಯುವುದೇನು?

ಕುಮಟೆಯಿಂದ ಹೊನ್ನಾವರದ ಕಡೆಗೆ ಹೆದ್ದಾರಿಯಲ್ಲಿ ಸಾಗುವವರಿಗೆ ನಡುದಾರಿಯಲ್ಲಿ ಧಾರೇಶ್ವರವು ಸಿಕ್ಕುತ್ತದೆ. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಗುಡ್ಡ, ನಡುವೆ ತೆಂಗಿನ ತೋಟಗಳು. ಗೋಕರ್ಣದಲ್ಲಿ ನೆಲಕ್ಕಂಟಿದ ಆತ್ಮಲಿಂಗವನ್ನು ಕೀಳಲಾರದೆ ರಾವಣನು ಸಿಟ್ಟಿನಿಂದ ಅದರ ಸಂಪುಟವನ್ನೂ ಮುಚ್ಚಳವನ್ನೂ ದಾರವನ್ನೂ ವಸ್ತ್ರವನ್ನೂ ದಿಕ್ಕುದಿಕ್ಕಿಗೆ ಎಸೆದನೆಂದೂ, ದಾರವು ಬಿದ್ದ ಸ್ಥಳವೇ ಧಾರೇಶ್ವರವೆಂದೂ ಸ್ಥಳಪುರಾಣವು ಹೇಳುತ್ತದೆ. ಆ ಊರಿನಲ್ಲಿ ನನ್ನ ಸೋದರಮಾವನವರ ಮನೆಯಿದೆ. ಮಾವನವರು ಮೂವತ್ತೈದು ವರ್ಷ ಶಾಲಾಮಾಸ್ತರಿಕೆ ಮಾಡಿ ನಿವೃತ್ತರಾದವರು. ಈ ತಿಂಗಳ ಲೇಖನವು ಅವರ ರಕ್ತದ ಕಥೆ. ಹೆಸರನ್ನು ಬಿಟ್ಟು ಬರೆಯಲು ಅವರೇ ಒಪ್ಪಿಗೆಯಿತ್ತಿದ್ದಾರೆ. “ಬರೆ ತಮಾ, ನಾಲ್ಕು ಮನೆಯವರಿಗೆ ಉಪಯೋಗವಾದರೆ ಆಗಲಿ” ಎಂದು ಅವರು ಹೇಳಿದುದರಿಂದಲೇ ನಾನು ಲೇಖನಿಯನ್ನು ಕೈಗೆತ್ತಿಕೊಂಡೆನು.

2019ರ ಶ್ರಾವಣಮಾಸದಲ್ಲಿ ಮಾವನವರ ಕಣ್ಣಿನ ಪೊರೆಯನ್ನು ತೆಗೆಯಿಸಬೇಕಾಗಿತ್ತು. ಶಸ್ತ್ರಕ್ರಿಯೆಗೆ ಮೊದಲು ಪದ್ಧತಿಯಂತೆ ರಕ್ತವನ್ನು ಪರೀಕ್ಷಿಸಿದರು. ಸಾಧಾರಣವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ನಾಲ್ಕು ಸಾವಿರದಿಂದ ಹನ್ನೊಂದು ಸಾವಿರದವರೆಗೆ ಇರತಕ್ಕ ಬಿಳಿಯ ಕಣಗಳು ಅವರಲ್ಲಿ 46,000 ಇದ್ದುವು. ಅವುಗಳಲ್ಲಿ 38,000 ಕಣಗಳು ಲಿಂಫೋಸೈಟ್ ಎಂಬ ಒಂದೇ ಜಾತಿಯವು. ಜ್ವರವಿಲ್ಲ, ನೋವಿಲ್ಲ, ಹಸಿವು ಕೆಟ್ಟಿಲ್ಲ; ಹಿಂದಿನ ದಿನ ತಾನೇ ತೋಟದಲ್ಲಿ ಹಾಳೆ ಹೆಕ್ಕಿ ಬಂದ ಮನುಷ್ಯನು! ಆದರೂ ಕಾಗದದ ಮೇಲಿನ ಅಂಕೆಯು ಮನೆಯನ್ನೆಲ್ಲ ನಡುಗಿಸಿತು. ‘ರಕ್ತದ ಅರ್ಬುದ’ ಎಂಬ ಮಾತು ಸಂಜೆಯೊಳಗಾಗಿ ಕೇರಿಯ ಬಾಯಲ್ಲಿತ್ತು. ಮರುದಿನ ಹಿರಿಯ ಮಗನು ತೆಂಗಿನ ತೋಟವನ್ನು ಮಾರಿಯಾದರೂ ಒಡನೆಯೇ ಚಿಕಿತ್ಸೆ ಮಾಡಿಸುವೆನೆಂದು ನನಗೆ ದೂರವಾಣಿಯಲ್ಲಿ ತಿಳಿಸಿದನು. “ಮೊದಲು ರೋಗವು ಯಾವುದೆಂದು ತಿಳಿಯಲಿ, ತೋಟವು ಎಲ್ಲಿಯೂ ಓಡಿಹೋಗುವುದಿಲ್ಲ” ಎಂದು ನಾನು ಉತ್ತರಕೊಟ್ಟೆನು.

ನಾನು ಸಾಮಾನ್ಯ ವೈದ್ಯನು, ರಕ್ತರೋಗಗಳಲ್ಲಿ ವಿಶೇಷಜ್ಞನಲ್ಲ. ಆದರೂ ಮಾವನವರ ಜೊತೆಯಲ್ಲಿ ತಜ್ಞರ ಬಳಿಗೆ ಹೋಗಿ, ಕೇಳಿ, ಓದಿ ಅರಿತುಕೊಂಡುದನ್ನು ಗೃಹಸ್ಥರಿಗೆ ತಿಳಿಯುವಂತೆ ಹೇಳಲು ಯತ್ನಿಸುತ್ತೇನೆ.

ಬಿಳಿಯ ರಕ್ತಕಣಗಳು ಮಿತಿಮೀರಿ ಬೆಳೆಯುವ ರೋಗವನ್ನು 1845ರಲ್ಲಿ ಜರ್ಮನಿಯ ವಿರ್ಶೋ ಎಂಬವನೂ ಸ್ಕಾಟ್‌ಲೆಂಡಿನ ಬೆನೆಟ್ ಎಂಬವನೂ ಬೇರೆಬೇರೆಯಾಗಿ ವರ್ಣಿಸಿದರು. ಬಿಳಿಯ ರಕ್ತವೆಂಬ ಅರ್ಥದಲ್ಲಿ ಅದಕ್ಕೆ ಲ್ಯೂಕೀಮಿಯಾ ಎಂಬ ಹೆಸರನ್ನಿಟ್ಟವನು ವಿರ್ಶೋ. ಈ ಹೆಸರಿನ ಕೆಳಗೆ ಹಲವು ರೋಗಗಳಿವೆ. ಕೆಲವು ವಾರಗಳಲ್ಲಿ ಪ್ರಾಣಕ್ಕೆ ಮುನಿಯುವಂತಹವೂ ಇವೆ, ಹತ್ತಾರು ವರ್ಷ ಸದ್ದಿಲ್ಲದೆ ದೇಹದಲ್ಲಿ ಬಿಡಾರ ಮಾಡಿರುವಂತಹವೂ ಇವೆ. ಮಾವನವರಿಗೆ ಕಂಡುದು ಎರಡನೆಯ ಬಗೆಯದು: ಕ್ರಾನಿಕ್ ಲಿಂಫೋಸೈಟಿಕ್ ಲ್ಯೂಕೀಮಿಯಾ, ಸಂಕ್ಷೇಪವಾಗಿ ಸಿ.ಎಲ್.ಎಲ್. ಇದು ಬಹುಮಟ್ಟಿಗೆ ವಯಸ್ಸು ಸಂದವರ ರೋಗ. ಯುರೋಪ, ಅಮೇರಿಕೆಗಳಲ್ಲಿ ದೊಡ್ಡವರಿಗೆ ಬರುವ ಲ್ಯೂಕೀಮಿಯಾಗಳಲ್ಲಿ ಇದೇ ಹೆಚ್ಚಿನದು. ನಮ್ಮ ದೇಶದಲ್ಲಿ ಅದಕ್ಕಿಂತ ಬಹಳ ವಿರಳ. ಇದು ಅಂಟುರೋಗವಲ್ಲ. ಮುಟ್ಟಿದರೆ, ಒಂದೇ ಬಟ್ಟಲಲ್ಲಿ ಉಂಡರೆ ಬರುವಂತಹದಲ್ಲ.

ಯಕ್ಷಗಾನವನ್ನು ನೋಡಿದ ವಾಚಕರಿಗೆ ರೋಗನಿರ್ಣಯದ ಕ್ರಮವು ಸುಲಭವಾಗಿ ತಿಳಿದೀತು. ರಂಗಸ್ಥಳಕ್ಕೆ ಬಂದ ವೇಷವು ಮಾತನಾಡುವ ಮೊದಲೇ ಅದರ ಕಿರೀಟ, ಮುಂಡಾಸು, ಮುಖವರ್ಣಿಕೆಗಳಿಂದ ರಾಜನೋ ರಾಕ್ಷಸನೋ ಸ್ತ್ರೀವೇಷವೋ ಎಂದು ನಾವು ಗುರುತಿಸುತ್ತೇವಷ್ಟೆ? ಹಾಗೆಯೇ ಕಣಗಳ ಮೈಮೇಲೆ ಕೆಲವು ಕುರುಹುಗಳಿರುತ್ತವೆ. ಫ್ಲೋ ಸೈಟೊಮೆಟ್ರಿ ಎಂಬ ಯಂತ್ರವು ಅವನ್ನು ಓದುತ್ತದೆ. ಒಂದೇ ಕಣದ ಮೇಲೆ ಸಿ.ಡಿ. 5, ಸಿ.ಡಿ. 19, ಸಿ.ಡಿ. 23 ಎಂಬ ಮೂರು ಕುರುಹುಗಳು ಕೂಡಿ ಕಂಡು, ಅಂತಹ ಕಣಗಳೆಲ್ಲವೂ ಒಂದೇ ಮೂಲದ ಸಂತತಿಯೆಂದು ತಿಳಿದು, ಅವು ಒಂದು ಮೈಕ್ರೋಲೀಟರಿಗೆ 5,000ಕ್ಕೆ ಕಡಿಮೆಯಿಲ್ಲದೆ ಮೂರು ತಿಂಗಳಾದರೂ ನಿಂತಿದ್ದರೆ ಆಗ ಸಿ.ಎಲ್.ಎಲ್. ಎಂದು ಹೇಳುತ್ತಾರೆ. ಇದಕ್ಕೆ ತೋಳಿನ ರಕ್ತವೇ ಸಾಕು. ಎಲುಬಿನ ಮಜ್ಜೆಯನ್ನು ತೆಗೆಯುವುದು ಹಲವರಿಗೆ ಮೊದಲ ಹಂತದಲ್ಲಿ ಬೇಕಾಗುವುದಿಲ್ಲ.

ರೋಗದ ಹೆಸರು ತಿಳಿಯಿತು. ಆದರೆ ಮನೆಯವರ ಪ್ರಶ್ನೆಯು ಹೆಸರಿನದಲ್ಲ. ಅತ್ತೆಯು ಆ ದಿನ ನನ್ನನ್ನು ಹಿತ್ತಿಲಕಡೆಗೆ ಕರೆದು ಸಣ್ಣ ದನಿಯಲ್ಲಿ ಕೇಳಿದಳು: “ತಮಾ, ಮುಚ್ಚಿಡಬೇಡ. ಇವರು ಎಷ್ಟು ವರ್ಷ ಇರುತ್ತಾರೆ?”

ನಮ್ಮ ಪ್ರಾಚೀನ ವೈದ್ಯರಿಗೂ ಇದೇ ಪ್ರಶ್ನೆಯು ಎದುರಾಗುತ್ತಿತ್ತು. ಚಿಕಿತ್ಸೆಗೆ ಕೈಹಾಕುವ ಮೊದಲು ಸಾಧ್ಯಾಸಾಧ್ಯತೆಯನ್ನು ವಿಚಾರಿಸಬೇಕೆಂದು ಚರಕಸಂಹಿತೆಯು ವಿಧಿಸುತ್ತದೆ. ಸುಲಭವಾಗಿ ಗುಣವಾಗುವುದು, ಕಷ್ಟದಿಂದ ಗುಣವಾಗುವುದು, ಯಾಪ್ಯ, ಅಸಾಧ್ಯ ಎಂದು ಅಲ್ಲಿ ವಿಭಾಗಗಳಿವೆ. ಯಾಪ್ಯವೆಂದರೆ ಬೇರುಸಹಿತ ಕಿತ್ತುಹಾಕಲು ಬಾರದಿದ್ದರೂ ಪಥ್ಯೌಷಧಗಳಿಂದ ಹತೋಟಿಯಲ್ಲಿಟ್ಟು ಬಾಳತಕ್ಕ ರೋಗ. ಸಿ.ಎಲ್.ಎಲ್. ರೋಗಕ್ಕೆ ಇದಕ್ಕಿಂತ ಒಪ್ಪುವ ಮಾತು ನನಗೆ ತೋರದು. ಆದರೆ ಯಾಪ್ಯಗಳಲ್ಲಿಯೂ ನಿಧಾನದ್ದು, ವೇಗದ್ದು ಎಂಬ ಭೇದವುಂಟು. ಅದನ್ನು ತಿಳಿಸುವುದಕ್ಕಾಗಿಯೇ ಕಳೆದ ಐವತ್ತು ವರ್ಷಗಳಲ್ಲಿ ವಿಜ್ಞಾನಿಗಳು ಒಂದೊಂದಾಗಿ ಕುರುಹುಗಳನ್ನು ಹುಡುಕಿದ್ದಾರೆ.

ಮೊದಲನೆಯದು ಕೈಯಿಂದ ಮುಟ್ಟಿ ತಿಳಿಯುವ ಕುರುಹು. ಭಾರತದಲ್ಲಿ ಜನಿಸಿ ಅಮೇರಿಕೆಯಲ್ಲಿ ನೆಲೆಸಿದ ಡಾಕ್ಟರ್ ಕಾಂತಿ ರೈ ಎಂಬವರು 1975ರಲ್ಲಿ ಈ ರೋಗಕ್ಕೆ ಐದು ಮೆಟ್ಟಿಲುಗಳನ್ನು ಕಟ್ಟಿದರು. ರಕ್ತದಲ್ಲಿ ಲಿಂಫೋಸೈಟುಗಳು ಹೆಚ್ಚಿರುವುದಷ್ಟೇ ಆದರೆ ಸೊನ್ನೆಯ ಮೆಟ್ಟಿಲು. ಕುತ್ತಿಗೆ, ಕಂಕುಳು, ತೊಡೆಸಂದಿಗಳಲ್ಲಿ ಗಂಟುಗಳು ಕಂಡರೆ ಒಂದನೆಯದು. ಗುಲ್ಮವಾಗಲಿ ಯಕೃತ್ತಾಗಲಿ ದೊಡ್ಡದಾದರೆ ಎರಡನೆಯದು. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿಳಿದರೆ ಮೂರನೆಯದು. ಪ್ಲೇಟ್‌ಲೆಟ್ ಕಣಗಳು ಒಂದು ಲಕ್ಷಕ್ಕಿಂತ ಕಡಿಮೆಯಾದರೆ ನಾಲ್ಕನೆಯದು. 1981ರಲ್ಲಿ ಫ್ರಾನ್ಸಿನ ಬಿನೆ ಎಂಬವರು ಎ, ಬಿ, ಸಿ ಎಂಬ ಮೂರು ಹಂತಗಳ ಕ್ರಮವನ್ನು ತಂದರು. ಈ ಎರಡು ಕ್ರಮಗಳಿಗೂ ವೈದ್ಯನ ಬೆರಳುಗಳೂ ಸಾಧಾರಣ ರಕ್ತಪರೀಕ್ಷೆಯೂ ಸಾಕು. ಕುಮಟೆಯಂತಹ ತಾಲೂಕಿನ ಊರಿನಲ್ಲಿಯೂ ಇದು ಆಗತಕ್ಕದ್ದೇ. ದುಬಾರಿಯ ಪರೀಕ್ಷೆಗಳ ಗದ್ದಲದಲ್ಲಿ ಈ ಅಗ್ಗದ ಪರೀಕ್ಷೆಯನ್ನು ಮರೆಯಕೂಡದು.

ಎರಡನೆಯ ಕುರುಹು ಕಾಲ. ಲಿಂಫೋಸೈಟುಗಳ ಸಂಖ್ಯೆಯು ಎಷ್ಟಿದೆ ಎಂಬುದಕ್ಕಿಂತ ಅದು ಎಷ್ಟು ದಿನಗಳಲ್ಲಿ ಇಮ್ಮಡಿಸುತ್ತದೆ ಎಂಬುದೇ ಮುಖ್ಯವಾದುದು. ಐವತ್ತು ಸಾವಿರವಿದ್ದು ಐದು ವರ್ಷ ಅಲ್ಲಿಯೇ ನಿಂತವನು ನಿಶ್ಚಿಂತೆಯಿಂದಿರಬಹುದು. ಇಪ್ಪತ್ತು ಸಾವಿರವಿದ್ದುದು ಆರು ತಿಂಗಳೊಳಗಾಗಿ ನಾಲ್ವತ್ತಾದವನು ಎಚ್ಚರಗೊಳ್ಳಬೇಕು. ಆದುದರಿಂದ ಹಳೆಯ ವರದಿಗಳನ್ನು ಎಸೆಯಕೂಡದು. ಒಂದೇ ಅಂಕೆಯು ಚುಕ್ಕಿ. ಹಲವು ಅಂಕೆಗಳು ಕೂಡಿದರೆ ಗೆರೆ. ಮಾವನವರು ಮಾಸ್ತರರಷ್ಟೆ? ಅವರು ಹಾಜರಿಪುಸ್ತಕದಂತಹ ಒಂದು ಉದ್ದನೆಯ ವಹಿಯನ್ನು ತಂದು, ಅದರಲ್ಲಿ ತಾರೀಖು, ಲಿಂಫೋಸೈಟ್, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ತೂಕ ಎಂದು ಐದು ಮನೆಗಳನ್ನು ಗೆರೆ ಎಳೆದು ಬರೆಯತೊಡಗಿದರು.

ಮೂರನೆಯ ಕುರುಹು ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಎಂಬ ಸಣ್ಣ ಸಸಾರಜನಕ. ಕಣಗಳ ಮೇಲ್ಮೈಯಿಂದ ಕಳಚಿ ರಕ್ತದ್ರವಕ್ಕೆ ಬರುವ ಇದು ರೋಗದ ಭಾರವು ಹೆಚ್ಚಿದಂತೆ ಹೆಚ್ಚುತ್ತದೆ. ಲೀಟರಿಗೆ 3.5 ಮಿಲಿಗ್ರಾಮನ್ನು ದಾಟಿದರೆ ಅದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ. ಆದರೆ ಮೂತ್ರಪಿಂಡಗಳ ಕೆಲಸವು ಕುಂದಿದವರಲ್ಲಿ ರೋಗವು ಹೆಚ್ಚದಿದ್ದರೂ ಈ ಅಂಕೆಯು ಏರುವುದುಂಟು. ಅದನ್ನು ವೈದ್ಯನಿಗೆ ನೆನಪಿಸಬೇಕು.

ನಾಲ್ಕನೆಯದು ಐ.ಜಿ.ಎಚ್.ವಿ. ಎಂಬ ವಂಶವಾಹಿಯ ಸ್ಥಿತಿ. ಲಿಂಫೋಸೈಟು ರೋಗಾಣುಗಳೊಡನೆ ಕಾದಾಡಲು ಕಲಿಯುವಾಗ ತನ್ನ ಆಯುಧದ ಅಚ್ಚನ್ನು ಅಲ್ಪಸ್ವಲ್ಪ ತಿದ್ದಿಕೊಳ್ಳುತ್ತದೆ. ಹಾಗೆ ತಿದ್ದಿಕೊಂಡ, ಎಂದರೆ ಪಾಠ ಕಲಿತ ಕಣದಿಂದ ಹುಟ್ಟಿದ ರೋಗವು ಸಾಮಾನ್ಯವಾಗಿ ನಿಧಾನದ್ದು. ತಿದ್ದದ ಅಚ್ಚಿನ ಕಣದಿಂದ ಹುಟ್ಟಿದ ರೋಗವು ಸಾಮಾನ್ಯವಾಗಿ ವೇಗದ್ದು. ಮೂಲದ ಅಚ್ಚಿಗೆ 98 ಪ್ರತಿಶತ ಅಥವಾ ಅದಕ್ಕಿಂತ ಹೆಚ್ಚು ಹೋಲಿಕೆಯಿದ್ದರೆ ‘ತಿದ್ದದ’ ಎಂದೂ, ಅದಕ್ಕಿಂತ ಕಡಿಮೆಯಿದ್ದರೆ ‘ತಿದ್ದಿದ’ ಎಂದೂ ಎಣಿಸುವರು. 1999ರಲ್ಲಿ ಇಂಗ್ಲೆಂಡಿನ ಹ್ಯಾಂಬ್ಲಿನ್ ಮತ್ತು ಅವರ ಸಂಗಡಿಗರೂ, ಅಮೇರಿಕೆಯಲ್ಲಿ ದಾಮಲೆ ಮತ್ತು ಅವರ ಸಂಗಡಿಗರೂ ಏಕಕಾಲಕ್ಕೆ ಇದನ್ನು ಪ್ರಕಟಪಡಿಸಿದರು. ‘ಮ್ಯುಟೇಟೆಡ್’ ಎಂಬ ಮಾತನ್ನು ಓದಿ ಹಲವರು ಬೆಚ್ಚುತ್ತಾರೆ. ಇಲ್ಲಿ ಮಾತ್ರ ಆ ಮಾತು ಶುಭದ ಕಡೆಗೆ ಇದೆಯೆಂಬುದನ್ನು ಗಟ್ಟಿಯಾಗಿ ನೆನಪಿಡಬೇಕು. ಈ ಕುರುಹು ಜೀವಮಾನದಲ್ಲಿ ಬದಲಾಗುವುದಿಲ್ಲ. ಒಮ್ಮೆ ಪರೀಕ್ಷಿಸಿದರೆ ಸಾಕು.

ಐದನೆಯದು ವರ್ಣತಂತುಗಳ ಪರೀಕ್ಷೆ. ಇದಕ್ಕೆ ಫಿಶ್ ಪರೀಕ್ಷೆಯೆಂದು ಹೆಸರು. ನಮ್ಮ ಕರಾವಳಿಯವರು ಮೀನಿನ ಪರೀಕ್ಷೆಯೆಂದು ನಗಬಾರದು! ಹೊಳೆಯುವ ಬಣ್ಣದ ತುಣುಕುಗಳನ್ನು ಅಂಟಿಸಿ, ಕಣದೊಳಗಿನ ಯಾವ ತಂತುವಿನ ಯಾವ ಭಾಗವು ಹರಿದುಹೋಗಿದೆಯೆಂದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವದು. 2000ದಲ್ಲಿ ಜರ್ಮನಿಯ ಡೋನರ್ ಮತ್ತು ಸಂಗಡಿಗರು 325 ರೋಗಿಗಳಲ್ಲಿ ಇದನ್ನು ನೋಡಿದರು. 13ನೆಯ ತಂತುವಿನ ತುಣುಕು ಮಾತ್ರ ಹೋದವರಲ್ಲಿ ಅರ್ಧದಷ್ಟು ಜನರು 133 ತಿಂಗಳಿಗೂ ಮಿಕ್ಕಿ ಬದುಕಿದರು. 11ನೆಯದು ಹರಿದವರಲ್ಲಿ ಆ ಅಂಕೆಯು 79 ತಿಂಗಳು. 17ನೆಯದರ ಸಣ್ಣ ತೋಳು ಹರಿದವರಲ್ಲಿ 32 ತಿಂಗಳು ಮಾತ್ರ. 17ನೆಯ ತಂತುವಿನ ಆ ಭಾಗದಲ್ಲಿ ಟಿ.ಪಿ. 53 ಎಂಬ ವಂಶವಾಹಿಯಿದೆ. ಕೆಟ್ಟ ಕಣವನ್ನು ತಾನಾಗಿ ಸಾಯುವಂತೆ ಮಾಡುವ ಕಾವಲುಗಾರನದು. ಹಳೆಯ ಕೀಮೋಥೆರಪಿ ಔಷಧಗಳು ಕಣಕ್ಕೆ ಪೆಟ್ಟುಕೊಟ್ಟು, ಉಳಿದ ಕೆಲಸವನ್ನು ಬಹುಮಟ್ಟಿಗೆ ಈ ಕಾವಲುಗಾರನಿಗೆ ಬಿಡುತ್ತವೆ. ಕಾವಲುಗಾರನೇ ಇಲ್ಲದಿದ್ದರೆ ಪೆಟ್ಟು ವ್ಯರ್ಥ. ಕೆಲವೊಮ್ಮೆ ತಂತುವು ಹರಿಯದೆಯೂ ಆ ವಂಶವಾಹಿಯು ಕೆಟ್ಟಿರಬಹುದಾದ್ದರಿಂದ ಫಿಶ್ ಪರೀಕ್ಷೆಯ ಜೊತೆಗೆ ಟಿ.ಪಿ. 53ರ ಅಕ್ಷರಗಳನ್ನು ಓದುವ ಬೇರೊಂದು ಪರೀಕ್ಷೆಯನ್ನೂ ಮಾಡಿಸಬೇಕು.

ಸಿ.ಡಿ. 38, ಸಿ.ಡಿ. 49ಡಿ, ಜ್ಯಾಪ್ 70 ಎಂಬ ಇನ್ನೂ ಕೆಲವು ಕುರುಹುಗಳು ವರದಿಗಳಲ್ಲಿ ಕಾಣಬಹುದು. ಅವು ರೋಗದ ವೇಗವನ್ನು ಕುರಿತು ಸ್ವಲ್ಪ ಹೇಳುತ್ತವೆಯಾದರೂ ಔಷಧವನ್ನು ಆರಿಸುವಲ್ಲಿ ಅವುಗಳ ಮಾತಿಗೆ ತೂಕವು ಕಡಿಮೆ. ಇಲ್ಲಿ ವಾಚಕರು ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಕೆಲವು ಕುರುಹುಗಳು ಮುಂದೇನಾದೀತೆಂದು ಮಾತ್ರ ಹೇಳುತ್ತವೆ. ಕೆಲವು ಮಾತ್ರ ಏನು ಮಾಡಬೇಕೆಂದೂ ಹೇಳುತ್ತವೆ. ಟಿ.ಪಿ. 53 ಮತ್ತು ಐ.ಜಿ.ಎಚ್.ವಿ. ಎರಡನೆಯ ಗುಂಪಿನವು. ಹಣವು ಮಿತವಾಗಿರುವ ಗೃಹಸ್ಥನು ಎರಡನೆಯ ಗುಂಪಿಗೆ ಮೊದಲು ವೆಚ್ಚಮಾಡುವುದು ಲೇಸು.

2019ರಲ್ಲಿ ಮಾವನವರ ವರದಿಗಳು ಬಂದುವು. ಗಂಟಿಲ್ಲ, ಗುಲ್ಮವು ದೊಡ್ಡದಾಗಿಲ್ಲ, ಹಿಮೋಗ್ಲೋಬಿನ್ 13.2. ಸೊನ್ನೆಯ ಮೆಟ್ಟಿಲು. 13ನೆಯ ತಂತುವಿನ ತುಣುಕು ಮಾತ್ರ ಹೋಗಿತ್ತು, 17ನೆಯದು ಅಖಂಡವಾಗಿತ್ತು. ಐ.ಜಿ.ಎಚ್.ವಿ. ತಿದ್ದಿದ ಸ್ಥಿತಿಯಲ್ಲಿತ್ತು. ತಜ್ಞರು ಕಾಗದವನ್ನು ಮಡಿಸಿಟ್ಟು, “ಈಗ ಔಷಧವಿಲ್ಲ, ಮೂರು ತಿಂಗಳಿಗೊಮ್ಮೆ ರಕ್ತ ತೋರಿಸಿರಿ” ಎಂದರು. ಹಿರಿಯ ಮಗನಿಗೆ ಇದು ಹಿಡಿಸಲಿಲ್ಲ. ಅರ್ಬುದವಿದೆಯೆಂದು ಹೇಳಿ ಔಷಧ ಕೊಡದೆ ಕಳುಹಿಸುವುದೇ? ಬಡವರೆಂದು ಉಪೇಕ್ಷಿಸಿದರೋ ಎಂದು ಅವನು ಸಂಶಯಪಟ್ಟನು.

ಇದು ಉಪೇಕ್ಷೆಯಲ್ಲ. ಲಕ್ಷಣಗಳಿಲ್ಲದ ಆರಂಭದ ಹಂತದಲ್ಲಿ ಔಷಧ ಕೊಟ್ಟರೆ ಆಯುಷ್ಯವು ಹೆಚ್ಚುವುದೋ ಎಂದು ಫ್ರಾನ್ಸಿನಲ್ಲಿ ಕ್ಲೋರಾಂಬ್ಯುಸಿಲ್ ಎಂಬ ಗುಳಿಗೆಯಿಂದ ಪರೀಕ್ಷಿಸಿ ನೋಡಿದರು. ಹೆಚ್ಚುವುದಿಲ್ಲವೆಂದು 1998ರಲ್ಲಿ ಪ್ರಕಟಿಸಿದರು. ಬಳಿಕ ಜರ್ಮನಿಯಲ್ಲಿ ಹೊಸ ಔಷಧವಾದ ಇಬ್ರುಟಿನಿಬ್‌ನಿಂದ ಅದೇ ಪ್ರಶ್ನೆಯನ್ನು ಕೇಳಿದರು. ರೋಗದ ನಡಿಗೆಯು ತಡೆದರೂ ಆಯುಷ್ಯವು ಹೆಚ್ಚಲಿಲ್ಲ. ಕಾದು ನೋಡುವುದೂ ಒಂದು ಚಿಕಿತ್ಸಾಕ್ರಮವೇ. ಮಳೆಗಾಲದ ಕಡಲನ್ನು ನೋಡುತ್ತ ದೋಣಿಯನ್ನು ದಂಡೆಗೆ ಎಳೆದಿಟ್ಟ ಅಂಬಿಗನನ್ನು ಯಾರೂ ಸೋಮಾರಿಯೆನ್ನುವುದಿಲ್ಲ. ತೋಟವು ಉಳಿಯಿತು.

ಔಷಧವನ್ನು ಯಾವಾಗ ಆರಂಭಿಸಬೇಕೆಂಬುದಕ್ಕೂ ನಿಯಮಗಳುಂಟು. ಹಿಮೋಗ್ಲೋಬಿನ್ 10ಕ್ಕಿಂತ ಅಥವಾ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿಳಿಯುವುದು; ಗುಲ್ಮವು ಪಕ್ಕೆಯ ಕೆಳಗೆ ಆರು ಸೆಂಟಿಮೀಟರ್ ಬೆಳೆಯುವುದು; ಗಂಟುಗಳು ಹತ್ತು ಸೆಂಟಿಮೀಟರ್ ಆಗುವುದು; ಲಿಂಫೋಸೈಟುಗಳು ಆರು ತಿಂಗಳೊಳಗೆ ಇಮ್ಮಡಿಸುವುದು; ಆರು ತಿಂಗಳಲ್ಲಿ ತೂಕವು ಹತ್ತನೆಯ ಒಂದು ಪಾಲು ಇಳಿಯುವುದು; ಸೋಂಕಿಲ್ಲದೆ ಎರಡು ವಾರ ಜ್ವರವಿರುವುದು; ತಿಂಗಳುಗಟ್ಟಲೆ ರಾತ್ರಿ ಬಟ್ಟೆ ನೆನೆಯುವಂತೆ ಬೆವರುವುದು; ದಿನದ ಕೆಲಸವನ್ನು ಮಾಡಲಾಗದಷ್ಟು ದಣಿವು. ಇವುಗಳಲ್ಲಿ ಯಾವುದಾದರೂ ಕಂಡರೆ ಕಾಯುವ ಕಾಲವು ಮುಗಿಯಿತೆಂದು ತಿಳಿಯಬೇಕು. ಬಿಳಿಯ ಕಣಗಳ ಸಂಖ್ಯೆಯು ದೊಡ್ಡದಾಗಿದೆಯೆಂಬುದೊಂದೇ ಕಾರಣವಲ್ಲ. ಕೆಟ್ಟ ಕುರುಹು ಕಂಡಿದೆಯೆಂಬುದೂ ತಾನೊಂದೇ ಕಾರಣವಾಗದು.

ವಹಿಯಲ್ಲಿ ಅಂಕೆಗಳು ಒಂದರ ಕೆಳಗೊಂದು ಕೂಡುತ್ತ ಬಂದುವು. 2020ರಲ್ಲಿ 41,000, 2021ರಲ್ಲಿ 50,000, 2022ರಲ್ಲಿ 63,000. ಕೋವಿಡ್ ಪಿಡುಗಿನ ಎರಡು ವರ್ಷ ಮಾವನವರು ಮನೆಯಿಂದ ಹೊರಬೀಳಲಿಲ್ಲ. ಈ ರೋಗವಿರುವವರಿಗೆ ಸೋಂಕಿನ ಭಯವು ಹೆಚ್ಚು, ಲಸಿಕೆಯ ಬಲವೂ ಅವರಲ್ಲಿ ಕಡಿಮೆ. 2023ರ ಫೆಬ್ರುವರಿಯಲ್ಲಿ ಅಂಕೆಯು 84,000ಕ್ಕೆ ಏರಿತು. ಆಗಸ್ಟಿನಲ್ಲಿ 1,60,000. ಹಿಮೋಗ್ಲೋಬಿನ್ 9.6. ಅಂಗಳ ದಾಟಿ ಗೇಟಿನವರೆಗೆ ಹೋಗುವಷ್ಟರಲ್ಲಿ ಮಾವನವರಿಗೆ ಏದುಸಿರು. ಕಬ್ಬಿಣದ ಕೊರತೆಯಿಂದಲೋ, ದೇಹವು ತನ್ನ ಕೆಂಪುಕಣಗಳನ್ನು ತಾನೇ ಒಡೆಯುತ್ತಿರುವುದರಿಂದಲೋ ರಕ್ತವು ಕುಂದಿದೆಯೇ ಎಂದು ಮೊದಲು ನೋಡಿದರು; ಎರಡೂ ಅಲ್ಲವೆಂದಾಯಿತು. ಕಾಯುವ ಕಾಲವು ಮುಗಿದಿತ್ತು.

ನಮ್ಮ ಜಿಲ್ಲೆಯವರಿಗೆ ದೊಡ್ಡ ರೋಗವೆಂದರೆ ದೂರದ ದಾರಿ. ಸಕಲ ಸಜ್ಜಿನ ಆಸ್ಪತ್ರೆಯೊಂದು ಉತ್ತರ ಕನ್ನಡಕ್ಕೆ ಬೇಕೆಂಬ ಕೂಗು 2022ರಲ್ಲಿ ಜಿಲ್ಲೆಯಾದ್ಯಂತ ಎದ್ದುದನ್ನು ವಾಚಕರು ಬಲ್ಲರು. ಮಾವನವರನ್ನು ದೂರದ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಆರು ಆವರ್ತನಗಳ ಕೀಮೋಥೆರಪಿಯನ್ನು ಮರುವಾರವೇ ಆರಂಭಿಸಲು ತಾರೀಖು ಕೊಟ್ಟರು. ನಾನು ಹಳೆಯ ಫಿಶ್ ವರದಿಯ ತಾರೀಖನ್ನು ತೋರಿಸಿ, “ನಾಲ್ಕು ವರ್ಷವಾಯಿತು, ಪುನಃ ನೋಡುವುದಿಲ್ಲವೇ?” ಎಂದು ಕೇಳಿದೆನು. ಹಿರಿಯ ಮಗನು ನನ್ನ ತೋಳನ್ನು ಹಿಡಿದು ಹೊರಗೆ ಕರೆತಂದನು. “ಬಾವಾ, ಒಮ್ಮೆ ಮಾಡಿಸಿಯಾಗಿದೆ. ಒಳ್ಳೆಯದೆಂದೇ ಬಂದಿದೆ. ಮತ್ತೆ ಸಾವಿರಾರು ರೂಪಾಯಿ, ಮತ್ತೆ ಮೂರು ವಾರ. ಅಪ್ಪನಿಗೆ ಉಸಿರಾಡಲು ಆಗುತ್ತಿಲ್ಲ” ಎಂದನು. ಅವನ ಮಾತು ತಪ್ಪೆಂದು ಹೇಗೆ ಹೇಳಲಿ? ದುಡ್ಡು ಅವನದು, ತಂದೆ ಅವನವರು. ಆದರೆ ಐ.ಜಿ.ಎಚ್.ವಿ.ಯಂತೆ ವರ್ಣತಂತುಗಳು ಸ್ಥಿರವಲ್ಲ. ವರ್ಷಗಳು ಕಳೆದಂತೆ ರೋಗದ ಕಣಗಳೊಳಗೆ ಹೊಸ ಕವಲು ಒಡೆಯುವುದುಂಟು. ಆದುದರಿಂದಲೇ ಪ್ರತಿಯೊಂದು ಚಿಕಿತ್ಸೆಯನ್ನು ಆರಂಭಿಸುವ ಮೊದಲು ಫಿಶ್ ಮತ್ತು ಟಿ.ಪಿ. 53 ಪರೀಕ್ಷೆಗಳನ್ನು ಪುನಃ ಮಾಡಿಸಬೇಕೆಂದು ಜಗತ್ತಿನ ತಜ್ಞರೆಲ್ಲ ಒಮ್ಮತದಿಂದ ಹೇಳುತ್ತಾರೆ.

ನಾವಿಬ್ಬರೂ ವಾದಿಸುತ್ತಿದ್ದುದನ್ನು ಬೆಂಚಿನ ಮೇಲಿಂದ ಕೇಳುತ್ತಿದ್ದ ಮಾವನವರು ಒಂದೇ ಮಾತಾಡಿದರು: “ನಾಲ್ಕನೆಯ ಇಯತ್ತೆಯ ಗುಣಪತ್ರಿಕೆಯನ್ನು ನೋಡಿ ಎಂಟನೆಯದಕ್ಕೆ ಯಾರೂ ಪಾಸು ಮಾಡುವುದಿಲ್ಲ. ಪರೀಕ್ಷೆಯಾಗಲಿ.”

ರಕ್ತವನ್ನು ಕಳುಹಿಸಿದೆವು. ಆ ದಿನಗಳಲ್ಲಿ ಒಂದು ಬಾಟಲಿ ರಕ್ತವನ್ನು ಕೊಡಿಸಿ ಉಸಿರನ್ನು ಹಗುರಗೊಳಿಸಿದೆವು. ಮೂರನೆಯ ವಾರ ವರದಿಯು ಬಂತು. 13ನೆಯ ತಂತುವಿನ ಗಾಯವು ಮೊದಲಿನಂತೆಯೇ ಇತ್ತು. ಅದರ ಜೊತೆಗೆ ಕಣಗಳ ಒಂದು ಪಾಲಿನಲ್ಲಿ 17ನೆಯ ತಂತುವೂ ಹರಿದಿತ್ತು. ಬರೆದಿಟ್ಟ ಕೀಮೋಥೆರಪಿಯನ್ನು ತಜ್ಞರು ಕೂಡಲೇ ಹೊಡೆದುಹಾಕಿದರು. ಕಾವಲುಗಾರನಿಲ್ಲದ ಕಣಗಳಿಗೆ ಆ ಆರು ಆವರ್ತನಗಳನ್ನು ಕೊಟ್ಟಿದ್ದರೆ ಮಾವನವರ ಮೈ ಬಳಲುತ್ತಿತ್ತು, ರೋಗವು ಬೇಗನೆ ಹಿಂದಿರುಗುತ್ತಿತ್ತು.

ಆ ರಾತ್ರಿ ಮೊಮ್ಮಗಳು ಮೊಬೈಲಿನಲ್ಲಿ ಏನನ್ನೋ ಓದಿ ಅಳುತ್ತ ನನ್ನ ಬಳಿಗೆ ಬಂದಳು. ಅವಳು ಕಂಡುದು 2016ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಗುಣಾಂಕ ಪದ್ಧತಿ. ಅದರಲ್ಲಿ ಟಿ.ಪಿ. 53 ಕೆಟ್ಟಿದ್ದರೆ ನಾಲ್ಕು ಅಂಕ, ಐ.ಜಿ.ಎಚ್.ವಿ. ತಿದ್ದದಿದ್ದರೆ ಎರಡು, ಬೀಟಾ-2 ಹೆಚ್ಚಿದ್ದರೆ ಎರಡು, ಮೆಟ್ಟಿಲು ಸೊನ್ನೆಯನ್ನು ದಾಟಿದ್ದರೆ ಒಂದು, ವಯಸ್ಸು 65 ದಾಟಿದ್ದರೆ ಒಂದು. ಕೂಡಿಸಿದರೆ ಒಟ್ಟು ಹತ್ತು. ಒಂದರವರೆಗಿನವರಲ್ಲಿ ಐದು ವರ್ಷದ ಬಳಿಕ ನೂರಕ್ಕೆ ಸುಮಾರು 93 ಮಂದಿ ಜೀವಂತರಿದ್ದರು. ಏಳು ಅಥವಾ ಅದಕ್ಕಿಂತ ಹೆಚ್ಚು ಅಂಕವಿದ್ದವರಲ್ಲಿ ಸುಮಾರು 23 ಮಂದಿ ಮಾತ್ರ. ಅಜ್ಜನ ಅಂಕಗಳನ್ನು ಕೂಡಿಸಿದಾಗ ಎಂಟು ಬಂದಿತ್ತು.

ನಾನು ಅವಳಿಗೆ ಹೇಳಿದುದನ್ನೇ ಇಲ್ಲಿ ಬರೆಯುತ್ತೇನೆ. ಆ ಪಟ್ಟಿಯು ಸುಳ್ಳಲ್ಲ. ಆದರೆ ಅದರಲ್ಲಿ ಎಣಿಸಲ್ಪಟ್ಟ ರೋಗಿಗಳು ಬಹುಮಟ್ಟಿಗೆ ಹಳೆಯ ಔಷಧಗಳನ್ನು ಪಡೆದವರು. 2014ರಲ್ಲಿ ಇಬ್ರುಟಿನಿಬ್, 2016ರಲ್ಲಿ ವೆನೆಟೊಕ್ಲಾಕ್ಸ್ ಅಮೇರಿಕೆಯಲ್ಲಿ ಈ ರೋಗಕ್ಕೆ ಅನುಮತಿ ಪಡೆದುವು. ಬಳಿಕ ಅಕಾಲಾಬ್ರುಟಿನಿಬ್, ಜಾನುಬ್ರುಟಿನಿಬ್ ಬಂದುವು. ಇವು ಟಿ.ಪಿ. 53ರ ಕಾವಲುಗಾರನನ್ನು ನೆಚ್ಚದೆ ಬೇರೆ ದಾರಿಯಿಂದ ಕಣವನ್ನು ಸಾಯಿಸುತ್ತವೆ. 17ನೆಯ ತಂತು ಹರಿದವರ ಪಾಡು ಇಂದಿಗೂ ಇತರರಿಗಿಂತ ಕಷ್ಟದ್ದೇ. ಆದರೆ 2000ದ 32 ತಿಂಗಳ ಅಂಕೆಯನ್ನು ಇಂದಿನ ರೋಗಿಯ ಹಣೆಗೆ ಅಂಟಿಸುವುದು ನ್ಯಾಯವಲ್ಲ. ಮೇಲಾಗಿ ಅಂಕೆಯು ನೂರು ಜನರನ್ನು ಕುರಿತದ್ದು, ಅಜ್ಜನು ಒಬ್ಬನು. ಕುರುಹೆಂಬುದು ಜಾತಕವಲ್ಲ, ಹವಾಮಾನದ ಮುನ್ಸೂಚನೆ. ಬಂದರಿನಲ್ಲಿ ಬಾವುಟ ಏರಿಸಿದರೆಂದು ಬಿರುಗಾಳಿ ಹುಟ್ಟುವುದಿಲ್ಲ. ಯಾವ ದೋಣಿಯಲ್ಲಿ ಹೋಗಬೇಕೆಂಬುದು ಅದರಿಂದ ತಿಳಿಯುತ್ತದೆ.

ಮಾವನವರಿಗೆ ದಿನಾಲೂ ನುಂಗುವ ಗುಳಿಗೆಯು ಆರಂಭವಾಯಿತು. ಮೊದಲ ತಿಂಗಳಲ್ಲಿ ಲಿಂಫೋಸೈಟುಗಳ ಸಂಖ್ಯೆಯು ಇಳಿಯುವುದಕ್ಕೆ ಬದಲಾಗಿ ಏರಿತು. ಗಂಟುಗಳಲ್ಲಿ ಅಡಗಿದ್ದ ಕಣಗಳು ರಕ್ತಕ್ಕೆ ಹೊರಬೀಳುವುದರಿಂದ ಹೀಗಾಗುತ್ತದೆಂದು ಮೊದಲೇ ತಿಳಿಸಿದ್ದರಿಂದ ಯಾರೂ ಗುಳಿಗೆಯನ್ನು ನಿಲ್ಲಿಸಲಿಲ್ಲ. ತಿಂಗಳುಗಳು ಕಳೆದಂತೆ ಸಂಖ್ಯೆಯು ಇಳಿಯಿತು, ಹಿಮೋಗ್ಲೋಬಿನ್ 12ಕ್ಕೆ ಬಂತು. ಈ ಗುಳಿಗೆಗಳಿಂದ ರಕ್ತಸ್ರಾವ, ಎದೆಬಡಿತದ ಏರುಪೇರು, ರಕ್ತದ ಒತ್ತಡದ ಹೆಚ್ಚಳಗಳಾಗಬಹುದು. ಹಲ್ಲು ಕೀಳಿಸುವ ಮೊದಲೂ ಯಾವುದೇ ಶಸ್ತ್ರಕ್ರಿಯೆಯ ಮೊದಲೂ ವೈದ್ಯನಿಗೆ ತಿಳಿಸಬೇಕು. ಬೇರೆ ಔಷಧವನ್ನು, ಅದು ಗಿಡಮೂಲಿಕೆಯದಾದರೂ ಸರಿ, ಕೇಳದೆ ಸೇವಿಸಕೂಡದು.

ಮನೆಯವರು ತಜ್ಞರನ್ನು ಕೇಳಬೇಕಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸುತ್ತೇನೆ. ಬೇಕಾದವರು ಕತ್ತರಿಸಿ ಇಟ್ಟುಕೊಳ್ಳಬಹುದು.

1. ರೋಗವು ಯಾವ ಮೆಟ್ಟಿಲಿನಲ್ಲಿದೆ? ಈಗ ಔಷಧ ಬೇಕೆಂದರೆ ಯಾವ ಕಾರಣಕ್ಕಾಗಿ?

2. ಐ.ಜಿ.ಎಚ್.ವಿ. ಪರೀಕ್ಷೆಯಾಗಿದೆಯೇ? (ಒಮ್ಮೆ ಸಾಕು.)

3. ಫಿಶ್ ಮತ್ತು ಟಿ.ಪಿ. 53 ಪರೀಕ್ಷೆಗಳು ಈ ಚಿಕಿತ್ಸೆಗೆ ಮೊದಲು ಹೊಸದಾಗಿ ಆಗಿವೆಯೇ?

4. ಆರಿಸಿದ ಔಷಧವು ಆ ವರದಿಗೆ ಒಪ್ಪುತ್ತದೆಯೇ? ಎಷ್ಟು ಕಾಲ ಸೇವಿಸಬೇಕು?

5. ಹೆಪಟೈಟಿಸ್ ಬಿ ಸೋಂಕಿನ ಪರೀಕ್ಷೆಯಾಗಿದೆಯೇ? ಯಾವ ಲಸಿಕೆಗಳನ್ನು ಹಾಕಿಸಬೇಕು? (ಜೀವಂತ ರೋಗಾಣುವಿನ ಲಸಿಕೆಗಳು ಇವರಿಗೆ ವರ್ಜ್ಯ.)

ಖರ್ಚಿನ ವಿಷಯದಲ್ಲಿಯೂ ಒಂದು ಮಾತು. 2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಆಸ್ಪತ್ರೆಗಳಲ್ಲಿ ‘ಆರೋಗ್ಯಮಿತ್ರ’ರೆಂಬವರಿರುತ್ತಾರೆ. ತೋಟದ ಕಾಗದಪತ್ರಗಳನ್ನು ಹೊರತೆಗೆಯುವ ಮೊದಲು ಪಡಿತರ ಚೀಟಿಯನ್ನು ತೆಗೆದುಕೊಂಡು ಅವರನ್ನು ಕಾಣಿರಿ. 1953ರಲ್ಲಿ ಸ್ಥಾಪಿತವಾದ ಮಣಿಪಾಲದ ಕಸ್ತೂರಬಾ ವೈದ್ಯಕಾಲೇಜಿನ ಆಸ್ಪತ್ರೆಯೂ 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಅರ್ಬುದದ ರೋಗಿಗಳು ನಮ್ಮ ಕಡೆಯಿಂದ ಹೋಗುವ ಸ್ಥಳಗಳು.

ಕಳೆದ ತಿಂಗಳು ಧಾರೇಶ್ವರಕ್ಕೆ ಹೋಗಿದ್ದೆನು. ಮಾವನವರು ಜಗುಲಿಯ ಮೇಲೆ ಕುಳಿತು ವಹಿಯಲ್ಲಿ ಹೊಸ ಪುಟಕ್ಕೆ ಗೆರೆ ಎಳೆಯುತ್ತಿದ್ದರು. ಅತ್ತೆಯು ಚಹಾ ತಂದಿಟ್ಟು, ಆರು ವರ್ಷದ ಹಿಂದಿನ ತನ್ನ ಪ್ರಶ್ನೆಯನ್ನು ನೆನೆದಳೋ ಏನೋ, ನನ್ನ ಮುಖವನ್ನು ನೋಡಿದಳು. ಎಷ್ಟು ವರ್ಷವೆಂದು ನಾನು ಆಗಲೂ ಹೇಳಿರಲಿಲ್ಲ, ಈಗಲೂ ಹೇಳಲಾರೆನು. “ಈ ಗುಳಿಗೆ ಸೋತರೆ ಇನ್ನೊಂದಿದೆ ಅತ್ತೆ, ಅದನ್ನು ಆರಂಭಿಸುವ ಮೊದಲು ಮತ್ತೆ ಪರೀಕ್ಷೆ ಮಾಡಿಸೋಣ” ಎಂದೆನು. ಮಾವನವರು ತಲೆಯೆತ್ತದೆ, “ಹಾಜರಿ ಹಾಕುವುದು ನನ್ನ ಕೆಲಸ. ಫಲಿತಾಂಶ ನೋಡುವುದು ನಿಮ್ಮದು” ಎಂದು ಹೇಳಿ ಆ ತಿಂಗಳ ತಾರೀಖನ್ನು ಬರೆದರು.